ವನವಿಹಾರವೂ ವನದ ಋಣವೂ

ಮನೆಯುಳ್ಳವನು ಆಗಾಗ ಮನೆಯನ್ನು ಬಿಟ್ಟು ಬಯಲಿನಲ್ಲಿ ಮಲಗಲು ಬಯಸುವನು; ಮನೆಯಿಲ್ಲದವನು ಬಯಲನ್ನು ಬಿಟ್ಟು ಮನೆಯಲ್ಲಿ ಮಲಗುವ ದಿನವನ್ನು ಎದುರುನೋಡುತ್ತಿರುವನು. ಇಬ್ಬರ ಮೇಲೂ ಇರುವ ಆಕಾಶವೊಂದೇ, ಇಬ್ಬರ ಕೆಳಗೂ ಇರುವ ನೆಲವೊಂದೇ. ಆದರೂ ಮೊದಲನೆಯವನು ಅದನ್ನು ವಿಹಾರವೆಂದು ಕರೆಯುವನು. ಎರಡನೆಯವನು ಹಣೆಬರಹವೆಂದು ಕರೆಯುವನು. ಈ ಭೇದವು ಎಲ್ಲಿಂದ ಹುಟ್ಟಿತು? ವಿಹಾರಕ್ಕೆ ಹೋದವನು ಪಡೆಯುವ ಸುಖವು ಧರ್ಮಸಮ್ಮತವಾದುದೆ? ಆ ಸುಖಕ್ಕೆ ಪ್ರತಿಯಾಗಿ ಅವನು ಯಾರಿಗಾದರೂ ಏನನ್ನಾದರೂ ಸಲ್ಲಿಸಬೇಕೆ? ರಜೆಯ ದಿನಗಳಲ್ಲಿ ಊರಿನ ಜನರು ಡೇರೆಗಳನ್ನು ಕಟ್ಟಿಕೊಂಡು ಅಡವಿಯ ಕಡೆಗೆ ಹೊರಡುವದು ವರ್ಷವರ್ಷಕ್ಕೆ ಹೆಚ್ಚುತ್ತಿರುವ ಈ ಕಾಲದಲ್ಲಿ ಇಂಥ ವಿಚಾರವು ಅಪ್ರಕೃತವೆನಿಸಲಾರದು.

ಕಲಬುರಗಿ ನಗರದ ಜಗತ್ ಬಡಾವಣೆಯ ಒಬ್ಬ ಗೃಹಸ್ಥನನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಅವನ ಮನೆಯ ಮುಂದೆ ಹಗಲಿರುಳೂ ವಾಹನಗಳ ಸದ್ದು. ಬೇಸಗೆಯ ಬಿಸಿಲು 40 ಡಿಗ್ರಿಯನ್ನು ದಾಟಿದಾಗ ಅಂಗಳಕ್ಕೆ ಹಾಸಿದ ಶಹಾಬಾದಿನ ಕಲ್ಲು ಹಗಲೆಲ್ಲ ಕಾಯ್ದು, ನಡುರಾತ್ರಿಯ ವರೆಗೂ ಬಿಸಿಯನ್ನು ಉಗುಳುತ್ತಿರುವದು. ಹಿಂದಿನ ತಲೆಯವರು ಅಂಥ ರಾತ್ರಿಗಳಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಚಿಕ್ಕೆಗಳನ್ನು ನೋಡುತ್ತ ನಿದ್ದೆಹೋಗುತ್ತಿದ್ದರು. ಈಗ ಮಾಳಿಗೆಯ ಮೇಲೆ ನೀರಿನ ತೊಟ್ಟಿಗಳು ಕುಳಿತಿವೆ. ಮನೆಯವರು ಕದವಿಕ್ಕಿಕೊಂಡು ಯಂತ್ರದ ತಂಪಿನಲ್ಲಿ ಮಲಗುವರು. ‘ಜಗತ್’ ಎಂಬ ಸಂಸ್ಕೃತ ಶಬ್ದವು ಗಮನಾರ್ಥಕವಾದ ಧಾತುವಿನಿಂದ ಹುಟ್ಟಿದ್ದು. ಚಲಿಸುವದು ಎಂಬದೇ ಅದರ ಮೂಲಾರ್ಥ. ಆ ಹೆಸರಿನ ಬಡಾವಣೆಯಲ್ಲಿದ್ದೂ ವರ್ಷವೆಲ್ಲ ನಾಲ್ಕು ಗೋಡೆಗಳ ನಡುವೆ ಕದಲದೆ ಕುಳಿತವನಿಗೆ ಒಮ್ಮೆಯಾದರೂ ಹೊರಡಬೇಕೆನಿಸಿದರೆ ಅದರಲ್ಲಿ ಆಶ್ಚರ್ಯವೇನು?

ಇಂಥವನು ಹೊರಡುವ ಸ್ಥಳವೂ ಜಿಲ್ಲೆಯಲ್ಲಿಯೇ ಇದೆ. ತೆಲಂಗಾಣದ ಗಡಿಗೆ ಹೊಂದಿದ ಚಿಂಚೋಳಿ ತಾಲ್ಲೂಕಿನ ಕುರುಚಲು ಗುಡ್ಡಗಳಲ್ಲಿ 134.88 ಚದರ ಕಿಲೋಮೀಟರಿನಷ್ಟು ಅಡವಿಯನ್ನು 2011ರಲ್ಲಿ ವನ್ಯಜೀವಿಧಾಮವೆಂದು ಸರಕಾರವು ಘೋಷಿಸಿತು. ಮಲೆನಾಡಿನ ಕಾಡನ್ನು ಕಂಡವರಿಗೆ ಇದು ಕಾಡೆಂದು ತೋರಲಿಕ್ಕಿಲ್ಲ. ಮಳೆಗಾಲದಲ್ಲಿ ಹಸುರಾಗಿ, ಮಾಘಮಾಸ ಕಳೆಯುವದರೊಳಗೆ ಎಲೆಯುದುರಿಸಿ ಬೋಳಾಗಿ ನಿಲ್ಲುವ ಒಣಭೂಮಿಯ ಅಡವಿಯಿದು. ತೋಳ, ಕತ್ತೆಕಿರುಬ, ಕೃಷ್ಣಮೃಗ, ಕೊಂಡಕುರಿಗಳಿಗೆ ಇದು ಆಶ್ರಯ. ನಡುವೆ ಚಂದ್ರಂಪಳ್ಳಿಯ ಜಲಾಶಯ. ಸುತ್ತಲೂ ಗೊಟ್ಟಂಗೊಟ್ಟದ ಕಾಡು. ಅಲ್ಲಲ್ಲಿ ಲಂಬಾಣಿಗರ ತಾಂಡಾಗಳು. ಮಳೆ ನಿಂತು ಚಳಿ ಹುಟ್ಟುವ ದಿನಗಳಲ್ಲಿ ಕಲಬುರಗಿಯ ಗೃಹಸ್ಥನು ಹೆಂಡಿರು ಮಕ್ಕಳೊಡನೆ ಎರಡು ದಿನದ ಬುತ್ತಿಯನ್ನು ಕಟ್ಟಿಕೊಂಡು ಇಲ್ಲಿಗೆ ಬರುವನು.

ಅಲ್ಲಿ ಅವನು ಪಡೆಯುವ ಸುಖವಾದರೂ ಎಂಥದು? ಬೆಳಗಿನಲ್ಲಿ ಗುಡ್ಡವನ್ನೇರಿ ಮೈ ಬೆವರುವ ವರೆಗೆ ನಡೆಯುವನು. ಕಾಜಾಣವು ಕೊಂಬೆಯಿಂದ ಹಾರಿ ಹುಳವನ್ನು ಹಿಡಿದು ಮತ್ತೆ ಅದೇ ಕೊಂಬೆಗೆ ಮರಳುವದನ್ನು ಮಕ್ಕಳು ಬಾಯ್ದೆರೆದು ನೋಡುವರು. ಮೂರು ಕಲ್ಲುಗಳ ಒಲೆಯ ಮೇಲೆ ಅನ್ನವು ಅರ್ಧ ಬೆಂದು ಅರ್ಧ ಸೀಯುವದು. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಾಟನ್ನು ನೂಕುವವನು ಇಲ್ಲಿ ಹೊಗೆವಾಸನೆಯ ಅನ್ನವನ್ನು ಎರಡನೆಯ ಸಲ ನೀಡಿಸಿಕೊಳ್ಳುವನು. ದೂರದಿಂದ ಕೊಡದಲ್ಲಿ ನೀರನ್ನು ಹೊತ್ತು ತಂದ ಮೇಲೆ ಆ ಒಂದು ಕೊಡ ನೀರಿನಲ್ಲಿಯೇ ಮುಖ ತೊಳೆದು ಪಾತ್ರೆ ಬೆಳಗಿ, ಇನ್ನೂ ಉಳಿಯಿತೆಂದು ಬೆರಗಾಗುವನು. ರಾತ್ರಿ ಕಂಬಳಿ ಹೊದ್ದು ಮಲಗಿದಾಗ ನಗರದ ಬೆಳಕಿನಲ್ಲಿ ಎಂದೂ ಕಾಣದಷ್ಟು ಚಿಕ್ಕೆಗಳು ತಲೆಯ ಮೇಲೆ ಕಾಣುವವು. ಚಿಕ್ಕಂದಿನಲ್ಲಿ ಅಜ್ಜಿಯು ಬೆರಳಿಟ್ಟು ತೋರಿಸಿದ್ದ ಸಪ್ತರ್ಷಿ ಮಂಡಲವನ್ನು ಅವನು ಮಕ್ಕಳಿಗೆ ತೋರಿಸುವನು.

ಇದನ್ನು ಕೊಂಚ ವಿವೇಚಿಸಿ ನೋಡಬೇಕು. ಈ ಪದಾರ್ಥಗಳಲ್ಲಿ ಯಾವುದೂ ಮನೆಯಲ್ಲಿರುವದಕ್ಕಿಂತ ಉತ್ತಮವಾದುದಲ್ಲ. ಅನ್ನ ಕೆಟ್ಟದ್ದು, ಹಾಸಿಗೆ ಗಟ್ಟಿಯಾದದ್ದು, ನೀರು ಕಡಿಮೆ. ಆದರೂ ಸುಖ ಹೆಚ್ಚು. ಹಾಗಾದರೆ ಸುಖವು ಪದಾರ್ಥಗಳ ಸಮೃದ್ಧಿಯಿಂದ ಬಂದುದಲ್ಲವೆಂಬದು ಸ್ಪಷ್ಟ. ಬೇಕುಗಳು ಕಡಿಮೆಯಾದಂತೆಲ್ಲ ಸಿಕ್ಕಿದ ಒಂದೊಂದು ವಸ್ತುವಿನ ರುಚಿಯೂ ಪೂರ್ಣವಾಗಿ ತಿಳಿಯಬರುವದು. ಹಸಿವು ಅನ್ನಕ್ಕೂ ದಣಿವು ನಿದ್ದೆಗೂ ಬೆಲೆಯನ್ನು ಕೊಡುವವು. ನಮ್ಮ ಶಾಸ್ತ್ರಕಾರರು ಅಪರಿಗ್ರಹವನ್ನು ಯತಿಗಳ ವ್ರತಗಳಲ್ಲಿ ಎಣಿಸಿದರು. ಗೃಹಸ್ಥನಿಗೆ ಅದರ ಪೂರ್ಣಾನುಷ್ಠಾನ ಸಾಧ್ಯವಿಲ್ಲ. ಆದರೆ ವರ್ಷದಲ್ಲಿ ಎರಡು ದಿನ ಅದರ ಸ್ವಾದವನ್ನು ನೋಡುವದು ಅವನಿಗೂ ಸಾಧ್ಯ. ಡೇರೆಯ ವಾಸವು ಮಾಡಿಕೊಡುವ ಉಪಕಾರವು ಇದೇ.

ಇದರ ಮೇಲೆ ಒಂದು ಆಕ್ಷೇಪ ಬರಬಹುದು. “ಇದೆಲ್ಲ ಆಟವಷ್ಟೆ. ಹಿರಿಯರು ಅಡವಿಯ ವಾಸವನ್ನು ಮೂರನೆಯ ಆಶ್ರಮಕ್ಕೆ ವಿಧಿಸಿದರು. ಮಕ್ಕಳ ಮಕ್ಕಳನ್ನು ಕಂಡು, ಭಾರವನ್ನಿಳಿಸಿ ಹೋಗಬೇಕಾದ ಕಡೆಗೆ ಉಂಡು ನಲಿಯಲು ಹೋಗುವದು ವಾನಪ್ರಸ್ಥದ ಅಣಕವಲ್ಲವೆ?” ಎಂದು ಕೆಲವರು ಕೇಳುವರು. ಈ ಆಕ್ಷೇಪದಲ್ಲಿ ಬಲ ಕಡಿಮೆ. ಆಟವೆಂಬ ಕಾರಣಕ್ಕೇ ಒಂದು ಕಾರ್ಯವು ಹೀನವಾಗದು; ಮಗುವು ಆಟದಲ್ಲಿಯೇ ಅಲ್ಲವೆ ಬದುಕನ್ನು ಕಲಿಯುವದು? 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ಲನು ಸುಮಾರು ಇಪ್ಪತ್ತು ಹುಡುಗರನ್ನು ಕರೆದೊಯ್ದು ಡೇರೆಗಳಲ್ಲಿರಿಸಿದಾಗ ಸಿರಿವಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಬೇಕೆಂದೇ ಒಂದುಗೂಡಿಸಿದನು. ಬಾಲಚರರ ಚಳುವಳಿಯು ಆ ಆಟದಿಂದಲೇ ಬೆಳೆದು ಲೋಕವನ್ನು ವ್ಯಾಪಿಸಿತು. ಶ್ರಮದ ಮರ್ಯಾದೆಯನ್ನು ಪುಸ್ತಕದಿಂದ ಕಲಿಯದವನು ಸೌದೆಯನ್ನು ಆಯುವಾಗ ಕಲಿತರೆ ಅದನ್ನು ಬೇಡವೆನ್ನುವವರು ಯಾರು?

ಎರಡನೆಯ ಆಕ್ಷೇಪವು ಇಷ್ಟು ಸುಲಭವಾಗಿ ಪರಿಹಾರವಾಗುವಂಥದಲ್ಲ. ಅದು ಶಾಸ್ತ್ರದಿಂದ ಬಂದುದಲ್ಲ, ಆ ಅಡವಿಯಲ್ಲಿಯೇ ಇರುವ ತಾಂಡಾಗಳಿಂದ ಬಂದುದು.

‘ತಾಂಡಾ’ ಎಂದರೆ ಮೊದಲು ಊರಲ್ಲ, ನಡೆಯುತ್ತಿರುವ ಸಾರ್ಥ. ಲಂಬಾಣಿಗರ ಪೂರ್ವಿಕರು ಸಾವಿರಾರು ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದಕ್ಷಿಣಾಪಥದ ಉದ್ದಗಲಕ್ಕೂ ತಿರುಗಿದವರು. ದಂಡುಗಳಿಗೆ ಕಾಳು ಒದಗಿಸಿದವರು. ಸಂಜೆಯಾದಲ್ಲಿ ಎತ್ತುಗಳನ್ನು ಬಿಟ್ಟು ಹೇರುಗಳನ್ನು ಇಳಿಸಿ ತಂಗುವದೇ ಅವರ ಜೀವನವಾಗಿತ್ತು. ಈ ನಾಡಿನಲ್ಲಿ ಬಯಲಿನ ವಾಸವನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು? ಹತ್ತೊಂಬತ್ತನೆಯ ಶತಮಾನದಲ್ಲಿ ರಸ್ತೆಗಳೂ ಉಗಿಬಂಡಿಗಳೂ ಬಂದು ಎತ್ತಿನ ಹೇರು ನಿಂತಿತು. ಮೇಲಾಗಿ, ತಿರುಗುವ ಜಾತಿಗಳನ್ನು ಹುಟ್ಟಾ ಅಪರಾಧಿಗಳೆಂದು ಬಗೆದ ಕಾಯಿದೆಯೊಂದು 1871ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂದಿತು. ಅದರ ಕಳಂಕವು ದೇಶವು ಸ್ವತಂತ್ರವಾದ ಮೇಲೆ 1952ರಲ್ಲಷ್ಟೇ ಕಾನೂನಿನಿಂದ ಅಳಿಯಿತು. ನಡೆಯುವವರು ನಿಂತರು; ನಿಂತ ನೆಲವೂ ಅವರ ಹೆಸರಿನಲ್ಲಿರಲಿಲ್ಲ. ಕಲಬುರಗಿ, ಬೀದರ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ 50,000ಕ್ಕೂ ಮಿಕ್ಕಿದ ತಾಂಡಾ ಕುಟುಂಬಗಳಿಗೆ ತಾವಿದ್ದ ಮನೆಯು ತಮ್ಮದೆಂಬ ಹಕ್ಕುಪತ್ರವು ಸೇಡಂ ತಾಲ್ಲೂಕಿನ ಮಳಖೇಡದ ಸಮಾರಂಭದಲ್ಲಿ ಘೋಷಿತವಾದದ್ದು 2023ರ ಜನವರಿ 19ರಂದು. ಅಂದರೆ, ಹಲವು ತಲೆಮಾರು ಡೇರೆಯಲ್ಲಿದ್ದವರು ಒಂದು ಮನೆಯ ಕಾಗದಕ್ಕಾಗಿ ಅಷ್ಟು ಕಾಲ ಕಾಯಬೇಕಾಯಿತು. ಅದೇ ಕಾಲದಲ್ಲಿ ಮನೆಯುಳ್ಳವರು ಹಣ ಕೊಟ್ಟು ಡೇರೆಯಲ್ಲಿ ಮಲಗಲು ಬರುತ್ತಿದ್ದಾರೆ.

ಇದಿಷ್ಟೇ ಅಲ್ಲ. ಮಳೆಯ ಬೆಳೆ ಕೈಗೆ ಬಂದೊಡನೆ ಈ ಭಾಗದ ತಾಂಡಾಗಳಿಂದ ಗಂಡಸರೂ ಹೆಂಗಸರೂ ಕೂಸುಗಳೂ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆಂದೋ, ಕಬ್ಬಿನ ಸೀಮೆಗೆ ಕಡಿಯಲೆಂದೋ ಹೊರಡುವರು. ಅಲ್ಲಿ ಅವರ ತಲೆಯ ಮೇಲೆ ನಾಲ್ಕು ಗಳುಗಳಿಗೆ ಬಿಗಿದ ತಾಡಪತ್ರಿ. ಚಂದ್ರಂಪಳ್ಳಿಯ ಕೆರೆಯ ದಡದಲ್ಲಿ ಗೃಹಸ್ಥನ ತಲೆಯ ಮೇಲಿರುವದೂ ಬಟ್ಟೆಯೇ. ಎರಡು ಬಟ್ಟೆಗಳ ಕೆಳಗೂ ಮಕ್ಕಳು ಮಲಗಿದ್ದಾರೆ, ಎರಡರೊಳಗೂ ಚಳಿಗಾಳಿ ನುಗ್ಗುವದು.

ಆ ಗೃಹಸ್ಥನ ಮಗಳು, ಹತ್ತು ವರ್ಷದವಳು, ದಡದಲ್ಲಿ ಎಮ್ಮೆ ಕಾಯುವ ತಾಂಡಾದ ಮುದುಕನನ್ನು ಕಂಡು ಹೀಗೆ ಕೇಳಿದಳೆಂದು ಕಲ್ಪಿಸಬಹುದು:

“ಮುತ್ಯಾ, ನಿಮಗ ದಿನಾ ಹಿಂಗ ಅಡವ್ಯಾಗ ಇರೋದು ಭಾಳ ಛಲೋ ಅನಸ್ತದಲ್ಲಾ?”

ಮುದುಕನು ನಕ್ಕು, “ನೀವು ನಾಳಿಗಿ ಮನಿಗಿ ಹೋಗ್ತೀರಿ ಯವ್ವಾ, ಅದಕ್ಕ ನಿಮಗ ಛಲೋ ಅನಸ್ತದ. ನನ ಮೊಮ್ಮಗ ಪುಣೇದಾಗ ಹಿಂಗೇ ಬಟ್ಟೀ ಕೆಳಗ ಮಲಗ್ಯಾನ. ಅಂವಗ ಕೇಳಬೇಕು” ಎಂದನು.

ಬಾಲೆಗೆ ಇದು ಪೂರ್ತಿಯಾಗಿ ತಿಳಿಯದೆ ಹೋದರೂ ತಂದೆಗೆ ತಿಳಿಯದೆ ಹೋಗಲಾರದು. ಅವನ ಸುಖಕ್ಕೆ ಆಧಾರವಾದದ್ದು ಅಡವಿಯೂ ಅಲ್ಲ, ಬೇಕುಗಳ ಅಲ್ಪತ್ವವೊಂದೇ ಅಲ್ಲ. ನಾಳೆ ಜಗತ್ ಬಡಾವಣೆಯ ಮನೆಗೆ ಮರಳಬಹುದೆಂಬ ನಿಶ್ಚಯವೂ ಅದಕ್ಕೆ ಆಧಾರ. ತಾನಾಗಿ ಆರಿಸಿಕೊಂಡ ಕಷ್ಟವು ಸಿಹಿ. ತಪ್ಪಿಸಿಕೊಳ್ಳಲಾಗದ ಕಷ್ಟವು ಕಹಿ. ಏಕಾದಶಿಯ ದಿನ ಉಪವಾಸವಿದ್ದವನ ಹಸಿವೂ ಬರಗಾಲದಲ್ಲಿ ಅನ್ನವಿಲ್ಲದವನ ಹಸಿವೂ ಹೊಟ್ಟೆಯಲ್ಲಿ ಒಂದೇ ತೆರನಾಗಿ ಸುಡುವವು. ಮನಸ್ಸಿನಲ್ಲಿ ಅವೆರಡಕ್ಕೂ ಅಜಗಜಾಂತರ. ಅಮೆರಿಕದ ಥೋರೋ ಎಂಬ ವಿಚಾರವಂತನು 1845ರ ಜುಲೈಯಿಂದ 1847ರ ಸೆಪ್ಟೆಂಬರದ ವರೆಗೆ ವಾಲ್ಡೆನ್ ಸರೋವರದ ದಡದಲ್ಲಿ ಗುಡಿಸಲು ಕಟ್ಟಿಕೊಂಡಿದ್ದು ಸರಳಜೀವನದ ಮಹಿಮೆಯನ್ನು ಬರೆದನು. ಅವನು ಕುಳಿತ ನೆಲವು ಸ್ನೇಹಿತನಾದ ಎಮರ್ಸನ್ನನದು; ತಾಯಿಯ ಮನೆಯು ನಡೆದುಹೋಗುವಷ್ಟು ಹತ್ತಿರದಲ್ಲಿತ್ತು. ಇದರಿಂದ ಅವನ ಗ್ರಂಥದ ಬೆಲೆಯು ಕಡಿಮೆಯಾಗದು; ಆದರೆ ಅವನ ಸರಳತೆಯ ಬೆನ್ನಹಿಂದೆ ಇತರರ ನೆಲವೂ ಮನೆಯೂ ಇದ್ದವೆಂಬದನ್ನು ಓದುಗನು ಮರೆಯಬಾರದು.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ವನ್ಯಜೀವಿಧಾಮದೊಳಗಿನ ಉತ್ಪನ್ನವನ್ನು ಅನುಮತಿಯಿಲ್ಲದೆ ತೆಗೆಯುವಂತಿಲ್ಲ. ದನಗಳ ಮೇಯಿಸುವಿಕೆಗೂ ಕಟ್ಟಳೆಯುಂಟು. ತೋಳವೂ ಕೊಂಡಕುರಿಯೂ ಉಳಿಯಬೇಕಾದರೆ ಕಟ್ಟಳೆಯಿರಲೇಬೇಕು, ಅದರಲ್ಲಿ ವಿವಾದವಿಲ್ಲ. ಅಡವಿಯವರಿಗೂ ಹಕ್ಕುಗಳುಂಟೆಂದು 2006ರ ಅರಣ್ಯ ಹಕ್ಕುಗಳ ಕಾಯಿದೆಯು ಒಪ್ಪಿಕೊಂಡಿದೆ. ಆದರೆ ಸೌದೆಯ ಹೊರೆಗಾಗಿ ಒಳಗೆ ಕಾಲಿಟ್ಟ ಹೆಂಗಸನ್ನು ಪ್ರಶ್ನಿಸುವ ದಾರಿಯಲ್ಲಿಯೇ ಸಂತೋಷಕ್ಕಾಗಿ ಬಂದವನಿಗೆ ಸ್ವಾಗತ ದೊರೆಯುವದಾದರೆ, ಬಂದವನು ಅದನ್ನು ತನ್ನ ಹಕ್ಕೆಂದು ಬಗೆಯಬಾರದು. ಬೇರೊಬ್ಬರು ಬಿಟ್ಟುಕೊಟ್ಟದ್ದನ್ನು ತಾನು ಅನುಭವಿಸುತ್ತಿರುವೆನೆಂಬ ಎಚ್ಚರವು ಅವನಿಗಿರಬೇಕು.

ಹಾಗಾದರೆ ವಿಹಾರವನ್ನು ಬಿಟ್ಟುಬಿಡಬೇಕೆ? ಬಿಡಬೇಕಾಗಿಲ್ಲ. ಗೃಹಸ್ಥನು ಮನೆಯಲ್ಲಿಯೇ ಕುಳಿತ ಮಾತ್ರಕ್ಕೆ ಪುಣೆಯ ತಾಡಪತ್ರಿಯ ಕೆಳಗಿನ ಹುಡುಗನಿಗೆ ಸೂರು ಬಾರದು. ಸುಖವನ್ನು ತ್ಯಜಿಸುವದಕ್ಕಿಂತ ಸುಖದ ಋಣವನ್ನು ತಿಳಿದು ತೀರಿಸುವದು ಉಚಿತವಾದ ದಾರಿ. ಈಶಾವಾಸ್ಯೋಪನಿಷತ್ತಿನ ಮೊದಲನೆಯ ಮಂತ್ರದಲ್ಲಿ ‘ಜಗತ್’ ಎಂಬ ಶಬ್ದವೂ ತ್ಯಾಗಪೂರ್ವಕವಾದ ಭೋಗದ ಮಾತೂ ಜೊತೆಯಾಗಿಯೇ ಬಂದಿವೆ. ಆ ಉಪದೇಶವನ್ನು ಆಚರಣೆಯಲ್ಲಿ ಕಾಣಬೇಕೆನ್ನುವವರು ಭಾಷ್ಯಗಳನ್ನು ಹುಡುಕಬೇಕಾಗಿಲ್ಲ. ಎಳ್ಳಮಾವಾಸ್ಯೆಯ ದಿನ ಕಮಲಾಪುರದ ಸೀಮೆಯ ಯಾವುದಾದರೊಂದು ಹೊಲಕ್ಕೆ ಹೋದರೆ ಸಾಕು.

ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದದ್ದು. ಮಾರ್ಗಶಿರ ಮಾಸದ ಅಮಾವಾಸ್ಯೆಯಂದು, ಅಂದರೆ ಡಿಸೆಂಬರದ ಕೊನೆಗೋ ಜನವರಿಯ ಮೊದಲಿಗೋ, ಕಲಬುರಗಿ ಬೀದರ ಜಿಲ್ಲೆಗಳ ಊರುಗಳು ಹೊಲಗಳಿಗೆ ಹೊರಡುವವು. ಜಗತ್ ಬಡಾವಣೆಯ ಬೀದಿಗಳಿಂದಲೂ ನೆಂಟರ ಹೊಲಗಳಿಗೆ ಬುತ್ತಿಗಳು ಹೊರಡುವವು. ಸಜ್ಜೆಯ ರೊಟ್ಟಿ, ಕಡುಬು, ಶೇಂಗಾದ ಹೋಳಿಗೆ, ಅಂಬಲಿ, ಬಗೆಬಗೆಯ ಸೊಪ್ಪುಕಾಳುಗಳನ್ನು ಕೂಡಿಸಿ ಕುದಿಸಿದ ಬಜ್ಜಿ ಇವು ಆ ದಿನದ ಅಡಿಗೆ. ನಿಂತ ಬಿಳಿಜೋಳದ ನಡುವೆ ದಂಟಿನ ಕೊಂಪೆಯನ್ನು ಮಾಡಿ, ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸುವರು. ವನವಾಸವನ್ನು ವಿಹಾರಕ್ಕಾಗಿಯಲ್ಲದೆ ನಿರ್ವಾಹವಿಲ್ಲದೆ ಅನುಭವಿಸಿದವರನ್ನೇ ನಮ್ಮ ಒಕ್ಕಲು ಮಕ್ಕಳು ಬಯಲೂಟದ ದಿನ ಮೊದಲು ನೆನೆಯುವರೆಂಬದು ಗಮನಿಸತಕ್ಕ ವಿಷಯ. ಬಳಿಕ ಊಟಕ್ಕೆ ಕೂಡುವ ಮೊದಲು ಹೊಲದ ಸುತ್ತಲೂ ಚರಗವನ್ನು ಚೆಲ್ಲುವರು. ಹೊತ್ತು ತಂದ ಅನ್ನದ ಮೊದಲನೆಯ ಪಾಲು ಭೂಮಿಗೆ, ಹಕ್ಕಿಪಕ್ಕಿಗಳಿಗೆ. ಆಮೇಲೆ ಮನೆಯವರು, ಆಮೇಲೆ ದಾರಿಯಲ್ಲಿ ಹೋಗುವವರು ಯಾರಿದ್ದರೂ ಅವರನ್ನು ಕೂಗಿ ಕರೆದು ಉಣಿಸುವರು. ಕಲಬುರಗಿಯಲ್ಲಿ ದಾಸೋಹದ ಪೀಠವನ್ನು ಬೆಳಗಿಸಿದ ಶರಣಬಸವೇಶ್ವರರು ಅರಳಗುಂಡಗಿಯ ತಮ್ಮ ಹೊಲದಲ್ಲಿ ಹಕ್ಕಿಗಳನ್ನು ಹಾರಿಸದೆ ಅವಕ್ಕೆ ನೀರನ್ನಿಟ್ಟರೆಂಬ ಐತಿಹ್ಯವು ಈ ನೆಲದಲ್ಲಿಯೇ ಹುಟ್ಟಿದ್ದು ಸಹಜವಾಗಿದೆ.

ಚರಗದ ಈ ಕ್ರಮವೇ ವನವಿಹಾರಕ್ಕೂ ನಿಯಮವಾಗಬೇಕು: ಮೊದಲು ಕೊಡುವದು, ಆಮೇಲೆ ಉಣ್ಣುವದು. ಅಡವಿಗೆ ಹೋದವನು ಚೆಲ್ಲಬೇಕಾದ ಚರಗವೆಂದರೆ ಅನ್ನವಲ್ಲ. ಕಾಡುಪ್ರಾಣಿಗೆ ಮನುಷ್ಯನ ಅನ್ನವು ಹಿತವಲ್ಲ. ಅಲ್ಲಿಯ ಮೌನವನ್ನು ಕೆಡಿಸದಿರುವದು ಒಂದು ಪಾಲು. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನು ಬೇಟೆಯಾಡುತ್ತ ಬಂದು, ಆಶ್ರಮದ ಮೃಗವನ್ನು ಕೊಲ್ಲಬಾರದೆಂದು ತಾಪಸನು ತಡೆದೊಡನೆ ಬಾಣವನ್ನಿಳಿಸುವನು. ತಪೋವನದೊಳಗೆ ಹೋಗುವ ಮುನ್ನ ಆಭರಣಗಳನ್ನೂ ಬಿಲ್ಲನ್ನೂ ಸಾರಥಿಯ ಕೈಗೆ ಕೊಡುವನು. ಚಕ್ರವರ್ತಿಯೇ ತನ್ನ ವೈಭವವನ್ನು ಹೊರಗಿಟ್ಟು ಹೋದನೆಂದ ಮೇಲೆ, ಹಾಡಿನ ಪೆಟ್ಟಿಗೆಯನ್ನೂ ಕಣ್ಣುಕುಕ್ಕುವ ದೀಪಗಳನ್ನೂ ಹೊತ್ತುಕೊಂಡು ನಗರವನ್ನೇ ಕಾಡಿನೊಳಗೆ ತರುವವನು ಏಕೆ ಬಂದನೆಂದು ಕೇಳಬೇಕಾಗುವದು.

ಬೆಂಕಿಯ ಎಚ್ಚರವು ಎರಡನೆಯ ಪಾಲು. ಮೇಲೆ ಹೇಳಿದ ಥೋರೋ ಮಹಾಶಯನೇ ವಾಲ್ಡೆನ್ನಿಗೆ ಹೋಗುವ ಮೊದಲು, 1844ರ ಏಪ್ರಿಲ್ ತಿಂಗಳ ಕೊನೆಯಲ್ಲಿ, ಸ್ನೇಹಿತನೊಡನೆ ಹೊಳೆಯ ದಡದಲ್ಲಿ ಮೀನು ಬೇಯಿಸಲು ಹಚ್ಚಿದ ಬೆಂಕಿಯು ಒಣಹುಲ್ಲಿಗೆ ತಗಲಿ 300 ಎಕರೆಗಳಷ್ಟು ಕಾಡನ್ನು ಸುಟ್ಟಿತು. ಅಡವಿಯನ್ನು ಅಷ್ಟು ಪ್ರೀತಿಸಿದವನಿಂದಲೇ ಇಂಥ ಅನಾಹುತವಾಯಿತೆಂದರೆ, ಎಲೆಯುದುರಿ ಒಣಗಿ ನಿಂತ ಚಿಂಚೋಳಿಯ ಗುಡ್ಡಗಳಲ್ಲಿ ಒಂದು ಕಿಡಿಯು ಏನು ಮಾಡಲಾರದು? ಪ್ರೀತಿಯೊಂದೇ ಸಾಲದು, ಒಲೆಯ ಬೂದಿಯು ಕೈಗೆ ತಣ್ಣಗಾಗುವ ವರೆಗೆ ನೀರೆರೆಯುವ ತಾಳ್ಮೆಯೂ ಬೇಕು. ತಂದ ಪ್ಲಾಸ್ಟಿಕ್ ಚೀಲಗಳನ್ನೂ ಸೀಸೆಗಳನ್ನೂ ತಾನೇ ಹೊತ್ತು ಮರಳುವದು ಮೂರನೆಯ ಪಾಲು. ಕಮಲಾಪುರದ ಬಾಳೆಯ ಸಿಪ್ಪೆಯನ್ನು ಮಣ್ಣು ಅರಗಿಸಿಕೊಳ್ಳುವದು; ಪ್ಲಾಸ್ಟಿಕನ್ನು ಎಮ್ಮೆಯು ನುಂಗಿ ಸಾಯುವದು, ಆ ಎಮ್ಮೆಯು ತಾಂಡಾದ ಮುದುಕನದು.

ನಾಲ್ಕನೆಯ ಪಾಲು ಮನುಷ್ಯರಿಗೆ ಸಲ್ಲತಕ್ಕದ್ದು. ಬೇಕಾದ ಹಾಲನ್ನೂ ರೊಟ್ಟಿಯನ್ನೂ ದಾರಿ ತೋರುವವನನ್ನೂ ಅಲ್ಲಿಯ ತಾಂಡಾಗಳಿಂದಲೇ ಪಡೆದು, ಚೌಕಾಸಿ ಮಾಡದೆ ನ್ಯಾಯವಾದ ಬೆಲೆಯನ್ನು ಕೊಡಬೇಕು. ಅವರ ಹೆಂಗಸರ ಕನ್ನಡಿ ಹೊಲಿದ ಉಡುಗೆಯನ್ನು ನೋಟವೆಂದು ಬಗೆದು ಕೇಳದೆ ಚಿತ್ರ ತೆಗೆಯಬಾರದು. ನಗರಕ್ಕೆ ಮರಳಿದ ಬಳಿಕವೂ ಈ ಪಾಲು ಮುಗಿಯುವದಿಲ್ಲ. ಅವನ ಬಡಾವಣೆಯಲ್ಲಿಯೇ ಮನೆ ಕಟ್ಟುವವರು ಜೋಪಡಿ ಹಾಕಿಕೊಂಡಿರುವರು. ಎರಡು ರಾತ್ರಿ ಬಟ್ಟೆಯ ಸೂರಿನ ಕೆಳಗೆ ಚಳಿಯನ್ನು ಕಂಡವನು ಆ ಜೋಪಡಿಯ ಮುಂದೆ ಹಾಯುವಾಗ ಹಿಂದಿನಂತೆ ಕಣ್ಣು ಹೊರಳಿಸಿಕೊಂಡು ಹೋಗಬಾರದು. ಕೆಲಸಗಾರರಿಗೆ ಕುಡಿಯುವ ನೀರುಂಟೆ, ಕೂಸುಗಳು ಶಾಲೆಗೆ ಹೋಗುತ್ತಿವೆಯೆ ಎಂದು ಅವನು ಕೇಳಿದರೆ, ಅದು ಅಡವಿಯಿಂದ ತಂದ ತಿಳಿವಳಿಕೆ.

ಮನೆಗೆ ಮರಳಿದ ಮರುದಿನ ಗೃಹಸ್ಥನು ನಲ್ಲಿಯನ್ನು ತಿರುವಿ ಮುಖ ತೊಳೆಯಲು ನಿಲ್ಲುವನು. ನೀರು ಧಾರಾಳವಾಗಿ ಹರಿಯುವದು. ಚಂದ್ರಂಪಳ್ಳಿಯಲ್ಲಿ ಒಂದು ಕೊಡದಲ್ಲಿ ದಿನವನ್ನು ಕಳೆದದ್ದು ಅವನಿಗೆ ನೆನಪಾಗಿ ಕೈಯು ತಾನಾಗಿ ನಲ್ಲಿಯನ್ನು ನಿಲ್ಲಿಸಿದರೆ, ಅವನ ವಿಹಾರವು ಸಾರ್ಥಕವಾಯಿತೆಂದು ತಿಳಿಯಬಹುದು. ಮುಂದಿನ ಎಳ್ಳಮಾವಾಸ್ಯೆಗೆ ಕಮಲಾಪುರದ ಹೊಲದಲ್ಲಿ ಚರಗವನ್ನು ಚೆಲ್ಲುವಾಗ ಅವನ ಮಗಳು, ಈ ಅನ್ನವನ್ನು ಏಕೆ ಚೆಲ್ಲುವರೆಂದು ಖಂಡಿತವಾಗಿ ಕೇಳುವಳು. ಅಷ್ಟರೊಳಗೆ ಉತ್ತರವನ್ನು ಹೇಳುವ ಯೋಗ್ಯತೆಯು ಅವನಲ್ಲಿ ಬಂದಿರಬೇಕು.